ಅಪ್ಪನಿಗೆ 74 ವರ್ಷ, ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಿಸಿದ ರಕ್ತಪರೀಕ್ಷೆ) 18 ಬಂದಿದೆ. ಇದು ಪ್ರಾಸ್ಟೇಟ್ ಕ್ಯಾನ್ಸರಾ? ಆಪರೇಷನ್ ಬೇಕೇ ಬೇಕಾ?

ದಾವಣಗೆರೆಯಲ್ಲಿರುವ ನಿಮ್ಮ ತಂದೆ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ ಅಂದಿದ್ದೀರಿ. ಅದೊಂದರಿಂದಲೇ ಕ್ಯಾನ್ಸರ್ ಅನ್ನಲು ಆಗುವುದಿಲ್ಲ. ವಯಸ್ಸಾದ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಸುಮ್ನೆ ದಪ್ಪಗಾದರೂ ಹೀಗೇ ಆಗುತ್ತದೆ. ಮೂತ್ರದ ಸೋಂಕಿನಿಂದಲೂ ಪಿಎಸ್‌ಎ ಏರುತ್ತದೆ. ಹಾಗಂತ 18 ಬಂದದ್ದನ್ನು ಕಡೆಗಣಿಸಬೇಡಿ. ಯೂರಾಲಜಿಸ್ಟ್ (ಮೂತ್ರಾಂಗಗಳ ತಜ್ಞ ವೈದ್ಯರು) ಗುದದ್ವಾರದಿಂದ ಬೆರಳು ಹಾಕಿ ಗ್ರಂಥಿ ಗಟ್ಟಿಯಾಗಿದೆಯಾ ಅಂತ ನೋಡುತ್ತಾರೆ. ಸ್ವಲ್ಪ ಹೊತ್ತಿನ ಕೆಲಸ. ನಮ್ಮ ಹಿರಿಯರು ನಾಚಿಕೆಯಿಂದ ಇದನ್ನೇ ಬೇಡ ಅನ್ನುತ್ತಾರೆ, ದಯವಿಟ್ಟು ಒಪ್ಪಿಸಿ. ಆಮೇಲೆ ಎಂಆರ್‌ಐ ಸ್ಕ್ಯಾನ್, ಬಯಾಪ್ಸಿ (ಗ್ರಂಥಿಯ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು). ಖಚಿತವಾಗುವುದು ಬಯಾಪ್ಸಿಯಲ್ಲೇ.

ಈ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ಏನೂ ತೋರಿಸುವುದಿಲ್ಲ. ಹಬ್ಬಿದರೆ ಜಾಸ್ತಿ ಹೋಗುವುದು ಮೂಳೆಗೆ. ಸೊಂಟನೋವು ಹೊಲದ ಕೆಲಸದ್ದು ಅಂತ ಎಣ್ಣೆ ತಿಕ್ಕಿಸಿಕೊಂಡು ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು.

ಆಪರೇಷನ್ ಎಲ್ಲರಿಗೂ ಬೇಕಿಲ್ಲ. ನಿಧಾನವಾಗಿ ಬೆಳೆಯುವ ಗಡ್ಡೆಯಾದರೆ ಈ ವಯಸ್ಸಿನಲ್ಲಿ ಎಷ್ಟೋ ಸಲ ಪಿಎಸ್‌ಎ ನೋಡುತ್ತಾ ಕಾಯುವುದೇ ಸರಿ. ಗ್ರಂಥಿಯೊಳಗೇ ಇದ್ದು ಜೋರಾಗಿ ಬೆಳೆಯುವಂಥದ್ದಾದರೆ ರೇಡಿಯೇಷನ್, ಮೈ ಗಟ್ಟಿಯಿದ್ದವರಿಗೆ ಆಪರೇಷನ್. ಹಬ್ಬಿದ್ದರೆ, ಈ ಕ್ಯಾನ್ಸರ್ ಬೆಳೆಯಲು ನೆರವಾಗುವ ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರಾನ್ ತಗ್ಗಿಸುತ್ತಾರೆ: ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್, ಇಲ್ಲವೇ ವೃಷಣ ತೆಗೆಯುವ ಸಣ್ಣ ಆಪರೇಷನ್, ಜೊತೆಗೆ ಮಾತ್ರೆ. ಸುಸ್ತು, ಮೈ ಬಿಸಿಯೇರಿ ಬೆವರುವುದು, ಮೂಳೆ ಸವೆತ ಬರಬಹುದು. ಪೂರ್ತಿ ವಾಸಿಯಾಗದಿದ್ದರೂ ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಹಿಡಿತದಲ್ಲಿರುತ್ತದೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಸರ್ಕಾರಿ ಯೋಜನೆಯಲ್ಲಿ ಏನೇನು ಸಿಗುತ್ತದೆ ಅಂತ ಮೊದಲೇ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ರಿಪೋರ್ಟ್ ಜೊತೆ ಬಯಾಪ್ಸಿಯ ಸ್ಲೈಡ್ (ತುಣುಕಿನ ತೆಳು ಪದರ ಹಚ್ಚಿದ ಗಾಜು), ಬ್ಲಾಕ್‌ಗಳನ್ನೂ (ತುಣುಕು ಇಟ್ಟ ಮೇಣದ ಅಚ್ಚು) ಲ್ಯಾಬ್‌ನಿಂದ ಕೇಳಿ ತೆಗೆದುಕೊಂಡು ಹೋಗಿ.