ಎಂ.ಎಸ್ಸಿ. ಕೆಮಿಸ್ಟ್ರಿ ಓದಿದವರು ಔಷಧ ಕಂಪನಿಯ ಮುಖ್ಯಸ್ಥರಾಗಬಹುದಾ? ಎಂಬಿಎ ಬೇಕೇ ಬೇಕಾ?

ಎಂಬಿಎ ಇಲ್ಲದೆಯೂ ಆಗಬಹುದು. ಜಿಗಣಿಯ ಒಂದು ಬಲ್ಕ್ ಡ್ರಗ್ (ಮಾತ್ರೆಗೆ ಹಾಕುವ ಮೂಲ ಔಷಧ) ಪ್ಲಾಂಟಿನಲ್ಲಿ ನಾನು ಪ್ರೊಸೆಸ್ ಕೆಮಿಸ್ಟ್, ಅಂದರೆ ಔಷಧ ತಯಾರಿಸುವ ವಿಧಾನ ರೂಪಿಸೋದು ನನ್ನ ಕೆಲಸ. ಹೊಸದಾಗಿ ಸೇರುವ ಹುಡುಗ ಹುಡುಗಿಯರೂ ಇದನ್ನೇ ಕೇಳ್ತಾರೆ, ನಾನು ಸಿಪ್ಲಾ ಔಷಧ ಕಂಪನಿಯನ್ನ ನಡೆಸಿದ ಕೆಮಿಸ್ಟ್ ಯೂಸುಫ್ ಹಮೀದ್ ಅವರ ವಿಷಯ ಹೇಳ್ತೀನಿ.

ಹುಟ್ಟಿದ್ದು 1936ರಲ್ಲಿ, ಬೆಳೆದದ್ದು ಬಾಂಬೆಯಲ್ಲಿ. ಕೇಂಬ್ರಿಡ್ಜಿನಲ್ಲಿ ನೊಬೆಲ್ ವಿಜೇತ ಅಲೆಕ್ಸಾಂಡರ್ ಟಾಡ್ ಅವರ ಹತ್ತಿರ ಪಿಎಚ್‌ಡಿ ಮಾಡಿ 1960ರಲ್ಲಿ ಸಿಪ್ಲಾ ಸೇರಿದರು. ಅಪ್ಪ 1935ರಲ್ಲಿ ಕಟ್ಟಿದ ಕಂಪನಿ, ಅದನ್ನ ಮುಚ್ಚಿಟ್ಟು ಮಾತಾಡೋದು ಬೇಡ. ನಿಮಗೂ ನನಗೂ ಆ ಭಾಗ್ಯ ಇಲ್ಲ. ಆದರೂ ಅವರು ಎಂ.ಡಿ. ಕುರ್ಚಿಗೆ ಬಂದದ್ದು ಸೇರಿ ಹದಿನಾರು ವರ್ಷ ಆದ ಮೇಲೆ, 1976ರಲ್ಲಿ.

1970ರ ಪೇಟೆಂಟ್ ಕಾಯ್ದೆ ಔಷಧಕ್ಕೆ ಪೇಟೆಂಟ್ ಕೊಡಲಿಲ್ಲ, ಅದನ್ನ ತಯಾರಿಸುವ ವಿಧಾನಕ್ಕಷ್ಟೇ ಕೊಟ್ಟಿತು. ಹಾಗಾಗಿ ಅದೇ ಔಷಧವನ್ನ ಬೇರೆ ರೂಟಿನಲ್ಲಿ, ಅಂದರೆ ಬೇರೆ ರಾಸಾಯನಿಕ ದಾರಿಯಲ್ಲಿ ಮಾಡಿದರೆ ಧಾರಾಳವಾಗಿ ಮಾರಬಹುದಿತ್ತು. ಆ ರೂಟ್ ಹುಡುಕೋರು ಕೆಮಿಸ್ಟುಗಳು. ಈ ಕಾಯ್ದೆಗಾಗಿ ಓಡಾಡಿದವರಲ್ಲಿ ಹಮೀದ್ ಕೂಡ ಒಬ್ಬರು.

2001ರಲ್ಲಿ ಏಡ್ಸ್‌ನ ಮೂರು ಔಷಧಗಳ ಚಿಕಿತ್ಸೆಗೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರ್ ಮೇಲೇ ಆಗ್ತಿತ್ತು. ಹಮೀದ್ ಎಂಎಸ್‌ಎಫ್ ವೈದ್ಯರ ಸಂಸ್ಥೆಗೆ 350 ಡಾಲರ್‌ಗೆ ಕೊಡ್ತೀನಿ ಅಂದರು, ದಿನಕ್ಕೆ ಒಂದು ಡಾಲರಿಗೂ ಕಮ್ಮಿ! ಜಗತ್ತು ಇದನ್ನ ದೊಡ್ಡ ಮನಸ್ಸು ಅಂತು. ಇರಬಹುದು. ನನಗೆ ಕಾಣೋದು ಅದರ ಹಿಂದಿನ ಲೆಕ್ಕ. ಎಂಟು ಸ್ಟೆಪ್ಪಿನ ಸಿಂಥೆಸಿಸ್‌ನಲ್ಲಿ (ಔಷಧ ತಯಾರಿಕೆಯಲ್ಲಿ) ಪ್ರತಿ ಸ್ಟೆಪ್ಪಿಗೂ 90% ಯೀಲ್ಡ್ (ಇಳುವರಿ) ಬಂದರೂ ಕೊನೆಗೆ ಕೈಗೆ ಸಿಗೋದು 43%. ಎರಡು ಸ್ಟೆಪ್ ತೆಗೆದರೆ 53%. ಅದರ ಮೇಲೆ ಸಾಲ್ವೆಂಟ್ (ದ್ರಾವಕ) ಮತ್ತೆ ಬಳಸೋಕೆ ಎಷ್ಟು ವಾಪಸ್ ಸಿಗತ್ತೆ, ಡ್ರೈಯರ್‌ನಲ್ಲಿ ಎಷ್ಟು ಗಂಟೆ, ಬ್ಯಾಚ್ ಫೇಲಾದರೆ ಮತ್ತೆ ಸರಿಮಾಡೋಕೆ ಆಗತ್ತಾ ಇಲ್ವಾ, ಇವೆಲ್ಲ ಸೇರಿ ಕಿಲೋ ರೇಟು ಬೀಳೋದು. ಇದು ಗೊತ್ತಿದ್ದವರು ಬೆಲೆ ಎಲ್ಲಿಯವರೆಗೆ ಇಳಿಸಬಹುದು ಅಂತ ಧೈರ್ಯವಾಗಿ ಹೇಳ್ತಾರೆ. ಎಕ್ಸೆಲ್ ಶೀಟ್ ಮಾತ್ರ ನೋಡಿದವರು ಪ್ಲಾಂಟಿಗೆ ಫೋನ್ ಮಾಡ್ತಾರೆ.

ಅಪ್ಪನ ಕಂಪನಿ ಇಲ್ಲದವರ ಉದಾಹರಣೆ ಬೇಕಂದ್ರೆ ಅಂಜಿ ರೆಡ್ಡಿ ಇದ್ದಾರೆ. ಗುಂಟೂರು ಕಡೆಯ ಅರಿಶಿನ ಬೆಳೆಗಾರರ ಮಗ, ಸರ್ಕಾರಿ ಔಷಧ ಕಂಪನಿ ಐಡಿಪಿಎಲ್‌ನಲ್ಲಿ ಕೆಲಸ ಕಲಿತು 1984ರಲ್ಲಿ ಡಾ. ರೆಡ್ಡೀಸ್ ಔಷಧ ಕಂಪನಿ ಶುರು ಮಾಡಿದರು.

ನಿಮಗೆ ಹೇಳೋದಾದರೆ, ಕ್ಯೂಸಿ (ಗುಣಮಟ್ಟ ಪರೀಕ್ಷೆ) ಲ್ಯಾಬಿನಲ್ಲೇ ಹತ್ತು ವರ್ಷ ಎಚ್‌ಪಿಎಲ್‌ಸಿ ಪರೀಕ್ಷಾ ಯಂತ್ರ ಓಡಿಸ್ತಾ ಕೂರಬೇಡಿ. ಜಿಗಣಿ, ಬೊಮ್ಮಸಂದ್ರದ ಕಡೆ ಪ್ರೊಸೆಸ್ ಡೆವಲಪ್‌ಮೆಂಟ್‌ನಲ್ಲಿ ಜಾಗ ಸಿಕ್ಕರೆ ಸಂಬಳ ಸ್ವಲ್ಪ ಕಮ್ಮಿ ಆದರೂ ಸೇರಿಬಿಡಿ, ಸ್ಕೇಲ್‌ಅಪ್ ಬ್ಯಾಚಿಗೆ (ಲ್ಯಾಬಿನ ವಿಧಾನವನ್ನ ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡೋದಕ್ಕೆ) ನೈಟ್ ಶಿಫ್ಟ್ ಹಾಕಿದರೂ ಹೋಗಿ. ಎಂಬಿಎ ಬೇಕು ಅನ್ನಿಸಿದರೆ ಆಮೇಲೆ ಸಂಜೆ ಕಾಲೇಜಿನಲ್ಲೂ ಮಾಡಬಹುದು.