ಎರಡು ಲಿಂಕ್ ಹೊಸದು ಹಾಕಿದರೂ ಚೈನು ಹಲ್ಲು ಬಿಟ್ಟು ಹಾರುತ್ತಿದ್ದರೆ

ಸರ್, ರೈಸ್ ಮಿಲ್ ಎಲಿವೇಟರಿನ 80 ನಂಬರ್ ಚೈನಿಗೆ ಎರಡು ಹೊಸ ಲಿಂಕ್ ಹಾಕಿದ ಮೇಲೂ ಹಲ್ಲು ಹಾರುತ್ತಿದೆ, ಇನ್ನೂ ನಾಲ್ಕು ಹಾಕಲೇ ಅಂತ ಕೇಳಿದ್ದೀರಿ. ಬೇಡ. ಹಳೇ ಚೈನಿನ ಪಿಚ್, ಅಂದರೆ ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗಿರುವ ದೂರ, ಸವೆದು ಉದ್ದ ಆಗಿರುತ್ತದೆ, ಹೊಸ ಲಿಂಕಿನದು 25.4 ಮಿ.ಮೀ. ಎರಡೂ ಒಂದೇ ಸ್ಪ್ರಾಕೆಟ್ (ಚೈನು ಓಡುವ ಹಲ್ಲಿನ ಚಕ್ರ) ಮೇಲೆ ಹೊಂದಲ್ಲ. ಪ್ರತಿ ಸಲ ಆ ಜಾಗ ಬಂದಾಗ ಏಟು ಬೀಳುತ್ತದೆ.

ಮೊದಲು ಅಳೆಯಿರಿ. ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಟುಕೊಳ್ಳಿ, ಯಾರಾದರೂ ಬಂದು ಸುಮ್ನೆ ಸ್ವಿಚ್ ಒತ್ತಿಬಿಡುತ್ತಾರೆ. ಚೈನು ಬಿಗಿಯಾಗಿ ಎಳೆದು, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ 12 ಪಿಚ್ ಅಳೆಯಿರಿ. ಹೊಸದಾದರೆ 304.8 ಮಿ.ಮೀ. ಅದು 314ರ ಹತ್ತಿರ ಬಂದಿದ್ದರೆ, ಅಂದರೆ 3 ಪರ್ಸೆಂಟ್ ಜಾಸ್ತಿ, ಪೂರ್ತಿ ಚೈನೇ ಬದಲಿಸಿ. ಸ್ಪ್ರಾಕೆಟ್ ಹಲ್ಲು ಕೊಕ್ಕೆ ಹಾಗೆ ಒಂದು ಕಡೆ ಬಾಗಿದ್ದರೆ ಅದನ್ನೂ ಬದಲಿಸಬೇಕು. ಇಲ್ಲದಿದ್ದರೆ ಹೊಸ ಚೈನೂ ಬೇಗ ಹಾಳಾಗುತ್ತದೆ.

ಚೈನು ಎಳೆದುಕೊಂಡಿದೆ ಅಂತಾರಲ್ವಾ, ನಿಜವಾಗಿ ಸವೆಯುವುದು ಒಳಗಿನ ಪಿನ್ನು ಮತ್ತು ಅದರ ಸುತ್ತಲಿನ ಕೊಳವೆ, ಅಂದರೆ ಬುಷ್. ಜಾಯಿಂಟಿನಲ್ಲಿ ಕೆಂಪು ಮಿಶ್ರಿತ ಕಂದು ಪುಡಿ ಕಂಡರೆ ಎಣ್ಣೆ ಅಲ್ಲಿಗೆ ಹೋಗಿಲ್ಲ. ಮೇಲೆ ಗ್ರೀಸ್ ಮೆತ್ತಿದರೆ ಅದು ಒಳಗೆ ಇಳಿಯಲ್ಲ, ತೌಡಿನ ಧೂಳು ಅಂಟಿ ಕಪ್ಪಗೆ ಗಟ್ಟಿ ಆಗುತ್ತದೆ. ಸೀಮೆಎಣ್ಣೆ ಹಾಕಿ ಬ್ರಷ್‌ನಿಂದ ತೊಳೆದು, ಒಣಗಿಸಿ, ಎಸ್‌ಎಇ 30 ಗ್ರೇಡಿನ ಎಣ್ಣೆಯನ್ನು ಒಳ ಮತ್ತು ಹೊರ ಪ್ಲೇಟಿನ ಸಂದಿಗೇ ಬಿಡಿ.

ಚೈನ್ ಲಾಕಿಗೆ (ಚೈನಿನ ಎರಡು ತುದಿ ಸೇರಿಸುವ ಲಿಂಕು) ಕ್ಲಿಪ್ ಬಂದಿದ್ದರೆ ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಲಿ. ಉದ್ದ ಸರಿಹೊಂದಿಸಲು ಹಾಫ್ ಲಿಂಕ್ (ಒಂದೇ ಪಿಚ್ ಉದ್ದದ, ಬಾಗಿದ ಪ್ಲೇಟಿನ ಲಿಂಕು) ಹಾಕಬೇಡಿ, ಅದು ಮಾಮೂಲಿ ಲಿಂಕಿಗಿಂತ ಬಲ ಕಡಿಮೆ. ಮೋಟರ್ ಬೇಸನ್ನೇ ಸ್ವಲ್ಪ ಸರಿಸಿ.