ವಯಸ್ಸಾದ ಮೇಲೆ ಆತಂಕ, ಖಿನ್ನತೆ ಜೊತೆಗೆ ನಿದ್ದೇನೂ ಬರಲ್ಲ ಅಂದ್ರೆ ಏನ್ ಮಾಡ್ಬೇಕು?

ನಮ್ಮಮ್ಮಂಗೆ 71, ಅಪ್ಪ ಹೋದ್ಮೇಲೆ ರಾತ್ರಿ ಮೂರಕ್ಕೇ ಎಚ್ಚರ ಆಗ್ಬಿಡೋದು, ಕತ್ತಲಲ್ಲೇ ಕೂತು ಸೆರಗಿನ ತುದಿ ಸುತ್ತೋದು ಬಿಚ್ಚೋದು ಮಾಡ್ತಿದ್ರು, ಕೇಳಿದ್ರೆ ಎದೆ ಡವಡವ ಅಂತಿದೆ ಕಣೋ ಅನ್ನೋರು. ವಯಸ್ಸಾಯ್ತಲ್ಲ ಅಂತ ನಾವು ಸುಮ್ನಿದ್ವಿ, ಅದು ತಪ್ಪು. ವಯಸ್ಸಾದ್ರೆ ನಿದ್ದೆ ತೆಳುವಾಗುತ್ತೆ ನಿಜ, ಆದ್ರೆ ಬೆಳಗಿನ ಜಾವ ಎಚ್ಚರ ಆಗಿ ಮನಸ್ಸು ಭಾರ ಆಗೋದು, ಊಟ ಸೇರದೇ ಇರೋದು ಖಿನ್ನತೆ ಇರಬಹುದು, ನಿದ್ದೆಗೆ ಮಾತ್ರ ಔಷಧಿ ಕೊಟ್ರೆ ಸಾಲಲ್ಲ.

ಮೆಡಿಕಲ್ ಶಾಪಲ್ಲಿ ಕೇಳಿ ಆಲ್‌ಪ್ರಾಜೋಲಾಮ್ ತರದ ಆತಂಕ-ನಿದ್ದೆ ಮಾತ್ರೆ ದಯವಿಟ್ಟು ಕೊಡ್ಬೇಡಿ, ರಾತ್ರಿ ಬಾತ್‌ರೂಮಿಗೆ ಎದ್ದಾಗ ಬಿದ್ದು ಸೊಂಟದ ಮೂಳೆ ಮುರ್ಕೊಳ್ಳೋ ಅಪಾಯ ಜಾಸ್ತಿ. ಈಗಾಗ್ಲೇ ತಗೋತಿದ್ರೆ ಏಕ್‌ದಂ ನಿಲ್ಲಿಸ್ಲೂಬೇಡಿ, ಡಾಕ್ಟ್ರು ಹೇಳ್ದಂಗೆ ನಿಧಾನವಾಗಿ ಕಮ್ಮಿ ಮಾಡ್ಬೇಕು.

ಅಮ್ಮಂಗೆ ಖಿನ್ನತೆ ಮಾತ್ರೆ ಜೊತೆಗೆ ಸಿಬಿಟಿ-ಐ ಅನ್ನೋ ಥೆರಪಿ, ಅಂದ್ರೆ ನಿದ್ದೆಯ ಅಭ್ಯಾಸ, ಯೋಚನೆ ಬದಲಾಯಿಸೋ ಚಿಕಿತ್ಸೆ, ಕೈ ಹಿಡೀತು. ದಿನಾ ಒಂದೇ ಟೈಮಿಗೆ ಏಳೋದು, ಸುಮಾರು 20 ನಿಮಿಷ ಆದ್ರೂ ನಿದ್ದೆ ಹತ್ತಲಿಲ್ಲ ಅಂದ್ರೆ ಹಾಸಿಗೆ ಬಿಟ್ಟೆದ್ದು ಮಂದ ಬೆಳಕಲ್ಲಿ ಹೂಬತ್ತಿ ಹೊಸೀತಾ ಕೂರೋದು, ತೂಕಡಿಕೆ ಬಂದ್ಮೇಲೇ ಮಲಗೋದು, ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ದಾಟಬಾರದು, ಸಂಜೆ ಕಾಫಿ ಬೇಡ. ಮೊದಲ ವಾರ ಇನ್ನೂ ಸುಸ್ತಾಗುತ್ತೆ, ಬಿಡ್ಬೇಡಿ. ಜೀವ ಬೇಡ ಅನ್ನೋ ಮಾತು ಬಂದ್ರೆ ಕಾಯ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ.